ಫ್ಲೂಗೆ ಮೂರು ದಿನದ ಆ್ಯಂಟಿಬಯಾಟಿಕ್ ಕೋರ್ಸ್ ಬೇಡ

ಚಳಿಜ್ವರ, ಮೈಕೈ ನೋವು, ಒಣಕೆಮ್ಮು ಒಟ್ಟಿಗೇ ಅಮರಿಕೊಂಡರೆ ನಮ್ಮವರು ನೇರ ಮೆಡಿಕಲ್ ಶಾಪಿಗೆ ಹೋಗಿ ಅಜಿತ್ರೊಮೈಸಿನ್ ಕೇಳುತ್ತಾರೆ. ಫ್ಲೂ ಆಗಿದ್ದರೆ ಅದು ದುಡ್ಡು ದಂಡ.

ಅಜಿತ್ರೊಮೈಸಿನ್ ಬ್ಯಾಕ್ಟೀರಿಯಾದ ರೈಬೋಸೋಮಿನ ಕೆಲಸ ನಿಲ್ಲಿಸುತ್ತದೆ. ಅಮಾಕ್ಸಿಸಿಲಿನ್ ಅದಕ್ಕೆ ಕೋಶಭಿತ್ತಿ ಕಟ್ಟಲು ಬಿಡುವುದಿಲ್ಲ. ಫ್ಲೂ ವೈರಸ್‌ಗೆ ಇವೆರಡೂ ಇಲ್ಲ. ಎಂಟು ತುಂಡು ಆರ್‌ಎನ್‌ಎ, ಒಂದಿಷ್ಟು ಪ್ರೋಟೀನು, ಅಷ್ಟೇ ಅದರ ಆಸ್ತಿ. ಮಿಕ್ಕದ್ದಕ್ಕೆಲ್ಲ ನಮ್ಮನ್ನೇ ನೆಚ್ಚಿಕೊಂಡಿದೆ. ಅದರ ಹೊರಮೈ ಪ್ರೋಟೀನನ್ನು ಕತ್ತರಿಸಿ ಸೋಂಕಿಗೆ ಸಜ್ಜುಮಾಡುವುದು ನಮ್ಮ ಶ್ವಾಸನಾಳದ ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವ. ಅದರ ಆರ್‌ಎನ್‌ಎಯನ್ನು ಕೋಶಕೇಂದ್ರಕ್ಕೆ ಹೊತ್ತೊಯ್ಯುವುದು ನಮ್ಮ ಇಂಪೋರ್ಟಿನ್ ಎಂಬ ಪ್ರೋಟೀನು. ಅಲ್ಲಿ ನಕಲು ತೆಗೆಯಲು ನಮ್ಮ ಎಎನ್‌ಪಿ32 ಪ್ರೋಟೀನು ಬೇಕೇ ಬೇಕು. ಹಕ್ಕಿಗಳ ಎಎನ್‌ಪಿ32ಎಯಲ್ಲಿ 33 ಅಮೈನೋ ಆಮ್ಲಗಳ ತುಂಡೊಂದು ಹೆಚ್ಚಿಗೆ ಇರುತ್ತದೆ; ಹಕ್ಕಿಜ್ವರದ ವೈರಸ್ ನಮ್ಮಲ್ಲಿ ಸಲೀಸಾಗಿ ಬೆಳೆಯದಿರಲು ಇದೂ ಒಂದು ಕಾರಣ.

‘ಕೋರ್ಸ್ ತಗೊಂಡೆ, ಜ್ವರ ಬಿಟ್ಟಿತು’ ಎನ್ನುವವರೊಡನೆ ವಾದಿಸುವುದು ಕಷ್ಟ. ಫ್ಲೂ ಜ್ವರ ಸಾಮಾನ್ಯವಾಗಿ ಮೂರ್ನಾಲ್ಕು ದಿನಕ್ಕೆ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರೆಗೆ ಬರುತ್ತದೆ. ನಿಮಗೆ ಲಾಭವಿಲ್ಲ, ಹೊಟ್ಟೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಉಳಿದವು ಔಷಧಕ್ಕೆ ಜಗ್ಗದಂತಾಗುತ್ತವೆ. ಕಳೆದ ಸಲ ಉಳಿದ ಎರಡು ಮಾತ್ರೆ ನುಂಗುವುದಂತೂ ಶುದ್ಧ ತಪ್ಪು.

ಮಾಡಬೇಕಾದ್ದು ಇಷ್ಟು. ಜ್ವರ ಶುರುವಾದ ಹೊತ್ತನ್ನು ಬರೆದಿಡಿ. ವಯಸ್ಸಾದವರು, ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ಆಸ್ತಮಾ ಅಥವಾ ಸಕ್ಕರೆ ಕಾಯಿಲೆ ಇರುವವರು 48 ಗಂಟೆಯೊಳಗೆ ವೈದ್ಯರನ್ನು ಕಾಣಲೇಬೇಕು. ಒಸೆಲ್ಟಾಮಿವಿರ್ ಬೇಕೇ ಎಂದು ಅವರು ನಿರ್ಧರಿಸುತ್ತಾರೆ. ವೈರಸ್‌ನ ಸ್ವಂತ ಕಿಣ್ವ ನ್ಯೂರಾಮಿನಿಡೇಸನ್ನು ತಡೆಯುವ ಔಷಧ ಅದು. ಹಾಗಾಗಿ ಹೊಸ ವೈರಸ್‌ಗಳು ಕೋಶದಿಂದ ಬಿಡಿಸಿಕೊಳ್ಳಲಾರವು. ಕೋಶ ಹೊಕ್ಕ ವೈರಸ್ ಗಂಟೆಗಳಲ್ಲೇ ಹಬ್ಬತೊಡಗುವುದರಿಂದ ತಡಮಾಡಿದಷ್ಟೂ ಪ್ರಯೋಜನ ಕಡಿಮೆ.

ಉಳಿದವರಿಗೆ ವಿಶ್ರಾಂತಿ, ಗಂಜಿ-ನೀರು, ಪ್ಯಾರಸಿಟಮಾಲ್ ಸಾಕು. ಶೀತದ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ: ಹಲವದರಲ್ಲಿ ಪ್ಯಾರಸಿಟಮಾಲ್ ಮೊದಲೇ ಸೇರಿರುತ್ತದೆ, ಎರಡನ್ನೂ ನುಂಗಿದರೆ ಪ್ರಮಾಣ ಮೀರೀತು. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ.

ಬಿಟ್ಟ ಜ್ವರ ಮತ್ತೆ ಜೋರಾಗಿ ಬಂದರೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಇರಬಹುದು. ಆ್ಯಂಟಿಬಯಾಟಿಕ್ ಬೇಕಾಗುವುದು ಆಗ, ಅದೂ ವೈದ್ಯರ ಚೀಟಿಯ ಮೇಲೆ. ಏದುಸಿರು, ಎದೆನೋವು, ಮಂಪರು ಕಂಡರೆ ತಕ್ಷಣ ಆಸ್ಪತ್ರೆ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ರಕ್ಷಣೆ ಮೂಡಲು ಎರಡು ವಾರ ಹಿಡಿಯುವುದರಿಂದ ಮಳೆಗಾಲಕ್ಕೆ ಮುಂಚೆಯೇ ಹಾಕಿಸಿಕೊಳ್ಳಿ.