ನಿದ್ದೆಗೆಟ್ಟರೆ ತೂಕ ಏರೀತು

‘ನಾನು ತಿನ್ನುವುದೇ ಕಡಿಮೆ, ಆದರೂ ದಪ್ಪವಾಗುತ್ತಿದ್ದೇನೆ’ ಎಂದು ಕೊರಗುವ ಮಹಿಳೆಯರು ಬಹಳ. ಊಟ, ನಡಿಗೆಗಳ ಬಗ್ಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ನಿದ್ದೆಯ ಬಗ್ಗೆ ಕೇಳುವವರು ಅಪರೂಪ. ರಾತ್ರಿ ಎಲ್ಲರೂ ಉಂಡ ಮೇಲೆ ಪಾತ್ರೆ ತೊಳೆದು, ಅಡುಗೆಮನೆ ಒರೆಸಿ ಮಲಗುವಾಗ ಹನ್ನೊಂದೂವರೆ. ಮಕ್ಕಳ ಟಿಫಿನ್ ಡಬ್ಬಿಗಾಗಿ ಮತ್ತೆ ಐದಕ್ಕೆ ಏಳಬೇಕು. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಅಗತ್ಯ. ಅನೇಕ ಗೃಹಿಣಿಯರು ಐದೂವರೆ ಗಂಟೆಯಲ್ಲೇ ವರ್ಷಗಳನ್ನು ದೂಡುತ್ತಾರೆ.

ನಿದ್ದೆಗೂ ಹಸಿವಿಗೂ ಏನು ಸಂಬಂಧ?

ಹೊಟ್ಟೆ ಖಾಲಿಯಾದಾಗ ಜಠರದಲ್ಲಿ ಸ್ರವಿಸುವ ‘ಗ್ರೆಲಿನ್’ ಎಂಬ ಹಾರ್ಮೋನು ಹಸಿವೆಬ್ಬಿಸುತ್ತದೆ. ಕೊಬ್ಬಿನ ಕೋಶಗಳಿಂದ ಬರುವ ‘ಲೆಪ್ಟಿನ್’ ಹಸಿವನ್ನು ತಗ್ಗಿಸುತ್ತದೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ 12 ಯುವಕರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ಈ ನಂಟನ್ನು ತೋರಿಸಿತು. ಅವರು ಎರಡು ರಾತ್ರಿ 10 ಗಂಟೆಯ ಬದಲು 4 ಗಂಟೆ ಮಾತ್ರ ಮಲಗಿದಾಗ ಲೆಪ್ಟಿನ್ ಶೇ. 18ರಷ್ಟು ಇಳಿದು, ಗ್ರೆಲಿನ್ ಶೇ. 28ರಷ್ಟು ಏರಿತ್ತು. ಸಿಹಿ ಮತ್ತು ಕುರುಕಲು ತಿನಿಸುಗಳ ಮೇಲಿನ ಆಸೆಯೂ ಹೆಚ್ಚಿತ್ತು. ನಂತರದ ಎಲ್ಲ ಅಧ್ಯಯನಗಳಲ್ಲೂ ಹಾರ್ಮೋನುಗಳ ಏರಿಳಿತ ಇದೇ ರೀತಿ ಕಂಡಿಲ್ಲವಾದರೂ, ನಿದ್ದೆಗೆಟ್ಟವರು ಹೆಚ್ಚು ತಿನ್ನುವುದು ಮತ್ತೆ ಮತ್ತೆ ಕಂಡುಬಂದಿದೆ. ಆದ್ದರಿಂದ ಸಂಜೆ ಚಕ್ಕುಲಿ ಡಬ್ಬಕ್ಕೆ ಕೈ ಹೋಗುವುದನ್ನು ಬರೀ ಬಾಯಿಚಪಲವೆಂದು ಹಳಿಯುವುದು ಸರಿಯಲ್ಲ.

ಅಮೆರಿಕದಲ್ಲಿ ಸುಮಾರು 68,000 ದಾದಿಯರನ್ನು 16 ವರ್ಷ ಗಮನಿಸಿದ ಅಧ್ಯಯನ 2006ರಲ್ಲಿ ಹೊರಬಂತು. ರಾತ್ರಿ 7 ಗಂಟೆ ಮಲಗುವವರಿಗೆ ಹೋಲಿಸಿದರೆ, 5 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುವವರಲ್ಲಿ ತೂಕ 15 ಕಿಲೋಗ್ರಾಂನಷ್ಟು ಏರುವ ಸಂಭವ ಮೂರನೇ ಒಂದರಷ್ಟು ಹೆಚ್ಚಿತ್ತು.

ಸರಿಪಡಿಸಿಕೊಳ್ಳಬಹುದೆ?

ಖಂಡಿತ. 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಡಿಮೆ ನಿದ್ದೆ ಮಾಡುವ 80 ಮಂದಿ ಅಧಿಕ ತೂಕದ ಸ್ತ್ರೀಪುರುಷರು ಭಾಗವಹಿಸಿದ್ದರು. ನಿದ್ದೆಯನ್ನು ಸುಮಾರು ಒಂದು ಗಂಟೆ ಹೆಚ್ಚಿಸಿಕೊಂಡವರು, ಪಥ್ಯವಿಲ್ಲದೆಯೇ, ಉಳಿದವರಿಗಿಂತ ದಿನಕ್ಕೆ ಸರಾಸರಿ 270 ಕ್ಯಾಲರಿ ಕಡಿಮೆ ಆಹಾರ ಸೇವಿಸಿದರು.

* ರಾತ್ರಿ ಊಟವನ್ನು ಎಂಟರೊಳಗೆ ಮುಗಿಸಿ. ಪಾತ್ರೆ ತೊಳೆಯುವುದು, ತರಕಾರಿ ಹೆಚ್ಚುವುದನ್ನು ಮನೆಯವರೆಲ್ಲ ಹಂಚಿಕೊಳ್ಳಿ.
* ಮಲಗುವ, ಏಳುವ ಹೊತ್ತು ದಿನವೂ ಒಂದೇ ಇರಲಿ.
* ಸಂಜೆಯ ನಂತರ ಕಾಫಿ, ಚಹಾ ಬೇಡ. ಮೊಬೈಲು ಹಾಸಿಗೆಯಿಂದ ದೂರವಿರಲಿ.
* ತೂಕ ಇಳಿಸಲೆಂದು ಬೆಳಗಿನ ನಿದ್ದೆ ಕತ್ತರಿಸಿ ನಡೆಯಲು ಹೋಗಬೇಡಿ, ಸಂಜೆ ನಡೆಯಿರಿ.

ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ರಾತ್ರಿ ಮೈ ಬಿಸಿಯಾಗಿ ಬೆವರಿ ಎಚ್ಚರವಾಗುವುದು ಇದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ದೋಷದಿಂದಲೂ ತೂಕ ಏರಬಹುದು. ಅದನ್ನು ಪರೀಕ್ಷೆಯಿಂದ ತಿಳಿಯಬಹುದು. ನಿದ್ದೆ ಮಾತ್ರೆಗಳನ್ನು ಮಾತ್ರ ಸ್ವಂತ ನಿರ್ಧಾರದಿಂದ ಎಂದೂ ನುಂಗಬಾರದು.