ನಿಧಾನವಾಯಿತೆಂದು ಬೀಗ ತೆಗೆಯಬೇಡಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಚೇರಿ, ಕಾಲೇಜು, ಸ್ಟುಡಿಯೋಗಳಲ್ಲಿ ಫೈಲ್ ಸರ್ವರ್ ನೋಡಿಕೊಳ್ಳುವವರಿಗೆ ಒಂದು ಮಾತು.

2024ರಲ್ಲಿ ಬಂದ ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿ ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಎಸ್‌ಎಂಬಿ ಪ್ರೋಟೋಕಾಲಿಗೆ ಸೈನಿಂಗನ್ನು ಡೀಫಾಲ್ಟ್ ಆಗಿ ಕಡ್ಡಾಯ ಮಾಡಿದೆ. ಫೈಲ್ ಸಾಗುವಾಗ ಪ್ರತಿ ತುಣುಕಿಗೂ ಸಹಿ ಹಾಕಿ, ಪರೀಕ್ಷಿಸುವ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ. ಎನ್‌ಕ್ರಿಪ್ಷನ್ ಇಟ್ಟರೂ ಅದೇ ಪಾಡು. ಹಳೆಯ ಸರ್ವರಿನಲ್ಲಿ ಮದುವೆ ವಿಡಿಯೋ ಕಾಪಿ ತೆವಳತೊಡಗುತ್ತದೆ. ಆಗ ಬೇಸತ್ತು ಸುರಕ್ಷತೆಯನ್ನೇ ಆಫ್ ಮಾಡಿಬಿಡುತ್ತೀರಿ. ಹಾಗೆ ಮಾಡಬೇಡಿ.

ಮೊದಲು ಅಳೆದು ನೋಡಿ. ದೊಡ್ಡ ಫೈಲೊಂದನ್ನು ಕೇಬಲ್ ಮೂಲಕ ಕಾಪಿ ಮಾಡುವಾಗ ಸರ್ವರಿನ ಪ್ರೊಸೆಸರ್ ಗಮನಿಸಿ. ಅದು ಆರಾಮವಾಗಿದ್ದರೆ ತಪ್ಪು ಬಹುಶಃ ಹಳೆ ಸ್ವಿಚ್ಚಿನದೋ ಹಾರ್ಡ್‌ಡಿಸ್ಕಿನದೋ ಇರುತ್ತದೆ. ಪ್ರೊಸೆಸರೇ ಬಳಲುತ್ತಿದ್ದರೆ, ಎನ್‌ಕ್ರಿಪ್ಷನ್ ಎಲ್ಲಕ್ಕೂ ಬೇಡ. ಸಂಬಳದ ಪಟ್ಟಿ, ಅಂಕಪಟ್ಟಿ ಇರುವ ಶೇರ್‌ಗೆ ಇಡಿ, ವಿಡಿಯೋಗೆ ಸೈನಿಂಗ್ ಸಾಕು. ಹೊಸ ಸರ್ವರ್ ಕೊಳ್ಳುವಾಗ ಎನ್‌ಕ್ರಿಪ್ಷನ್ ಚುರುಕಾಗಿಸುವ ಎಇಎಸ್-ಎನ್‌ಐ ಇರುವ ಪ್ರೊಸೆಸರನ್ನೇ ಕೇಳಿ. ಹಳೆ ಸ್ಕ್ಯಾನರಿಗಾಗಿ ಎಸ್‌ಎಂಬಿಯ ಹಳೆ ಆವೃತ್ತಿ ಎಸ್‌ಎಂಬಿ1 ಅನ್ನು ಮತ್ತೆ ತೆರೆಯಲೇಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ರ್ಯಾನ್ಸಮ್‌ವೇರ್ ಹಬ್ಬಿದ್ದು ಆ ದಾರಿಯಲ್ಲೇ.

ಕಾಪಿ ನಾಲ್ಕು ನಿಮಿಷ ತಡವಾದರೆ ತಾಳಬಹುದು. ಕಡತಗಳೇ ಕೈತಪ್ಪಿದರೆ ಯಾರೂ ತಂದುಕೊಡಲಾರರು.