ಪಠ್ಯ ಕಡತದ ಸಾಲಿನಿಂದ ಲೆಕ್ಕದ ನಮೂದಿಗೆ: ವರ್ತಕರು ಅರಿಯಬೇಕಾದ ಅಂಶಗಳು

ಬಿಲ್ಲಿಂಗ್ ತಂತ್ರಾಂಶದ ಮಾರಾಟ ವಿವರ, ಬ್ಯಾಂಕಿನ ಖಾತೆ ವಿವರ, ಗೋದಾಮಿನ ದಾಸ್ತಾನು ಪಟ್ಟಿ ಮೊದಲಾದವು ಒಂದು ತಂತ್ರಾಂಶದಿಂದ ಮತ್ತೊಂದಕ್ಕೆ ಸಾಗುವಾಗ ಅನೇಕ ವೇಳೆ ಸರಳ ಪಠ್ಯ ಕಡತದ ರೂಪವನ್ನು ತಾಳುತ್ತವೆ. ಒಂದು ಸಾಲಿಗೆ ಒಂದು ದಾಖಲೆ. ಅಂಕಣಗಳ ನಡುವೆ ಅಲ್ಪವಿರಾಮ. ಇದನ್ನೇ ಸಿಎಸ್‌ವಿ ಕಡತ ಎನ್ನುತ್ತಾರೆ. ನೋಟಕ್ಕೆ ಸರಳವಾದ ಈ ಕಡತದಲ್ಲಿ ಒಂದು ಅಂಕಣ ತಪ್ಪಿದರೂ ನಷ್ಟ ಉಂಟಾಗಬಹುದು. 2022ರ ಜನವರಿ 1ರಿಂದ ಜಾರಿಗೆ ಬಂದ ಜಿಎಸ್‌ಟಿ ಕಾಯ್ದೆಯ 16(2)(ಎಎ) ಕಲಮಿನ ಪ್ರಕಾರ, ಮಾರಾಟಗಾರನು ಸಲ್ಲಿಸಿದ ವಿವರದಲ್ಲಿ ಇನ್‌ವಾಯ್ಸ್ ಇದ್ದರೆ ಮಾತ್ರ ಕೊಂಡವನಿಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುತ್ತದೆ. ಮಾರಿದವನ ಕಡತದ ದೋಷಕ್ಕೆ ಗಿರಾಕಿಯು ದಂಡ ತೆರಬೇಕಾಗುತ್ತದೆ.

ದೋಷ ಹುಟ್ಟುವ ಬಗೆ

ಶಿರಸಿಯ ಅಡಿಕೆ ಮಾರಾಟದ ಒಂದು ಸಾಲು ಹೀಗಿರಲಿ:

045,05042025,"ಅಡಿಕೆ ವರ್ತಕರು, ಶಿರಸಿ",0802,125000.00

ಇಲ್ಲಿ ಕ್ರಮವಾಗಿ ಬಿಲ್ ಸಂಖ್ಯೆ, ದಿನಾಂಕ, ಗಿರಾಕಿ, ಎಚ್‌ಎಸ್‌ಎನ್ ಸಂಕೇತ ಮತ್ತು ಮೌಲ್ಯಗಳಿವೆ. ಈ ಕಡತವನ್ನು ಎಕ್ಸೆಲ್‌ನಲ್ಲಿ ಸಾಮಾನ್ಯ ಏರ್ಪಾಟಿನಲ್ಲೇ ತೆರೆದು ಉಳಿಸಿದರೆ 0802 ಎಂಬುದು 802 ಆಗುತ್ತದೆ, 045 ಎಂಬುದು 45 ಆಗುತ್ತದೆ. 5-4 ಎಂಬ ಬಿಲ್ ಸಂಖ್ಯೆಯಿದ್ದರೆ ಅದು ದಿನಾಂಕವಾಗಿ ಮಾರ್ಪಡುತ್ತದೆ. 15 ಅಂಕಿಗಳಿಗಿಂತ ಉದ್ದವಾದ ಬ್ಯಾಂಕ್ ಖಾತೆ ಸಂಖ್ಯೆಯ ಉಳಿದ ಅಂಕಿಗಳು ಸೊನ್ನೆಯಾಗುತ್ತವೆ. ಗಿರಾಕಿಯ ಹೆಸರಿನ ಸುತ್ತ ಉದ್ಧರಣ ಚಿಹ್ನೆ ಇಲ್ಲದಿದ್ದರೆ ಅದರೊಳಗಿನ ಅಲ್ಪವಿರಾಮವು ಮುಂದಿನ ಅಂಕಣಗಳನ್ನೆಲ್ಲ ಪಕ್ಕಕ್ಕೆ ಸರಿಸುತ್ತದೆ.

ಪರಿಹಾರದ ಕ್ರಮ

ಪ್ರೋಗ್ರಾಮ್ ಬರೆಯುವವರಿಗಾಗಿ ಇರುವ ಸಿದ್ಧ ಲೈಬ್ರರಿಗಳು ಇಂತಹ ಸಾಲನ್ನು ಆಬ್ಜೆಕ್ಟ್ ಆಗಿ ಪರಿವರ್ತಿಸುತ್ತವೆ. ಡಾಟ್‌ನೆಟ್ ವೇದಿಕೆಗಾಗಿ ಮಾರ್ಕೋಸ್ ಮೆಲಿ ರೂಪಿಸಿದ ಫೈಲ್‌ಹೆಲ್ಪರ್ಸ್ ಎಂಬ ಉಚಿತ ಲೈಬ್ರರಿ ಇದಕ್ಕೆ ಉತ್ತಮ ನಿದರ್ಶನ. ವರ್ತಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇದರಲ್ಲಿ ಕ್ಲಾಸ್ ಎಂಬುದು ಅಚ್ಚಾದ ಖಾಲಿ ವೋಚರ್. ಆಬ್ಜೆಕ್ಟ್ ಎಂಬುದು ಭರ್ತಿಯಾದ ವೋಚರ್. ಅಂಕಣಗಳ ಕ್ರಮ, ಅವುಗಳನ್ನು ಬೇರ್ಪಡಿಸುವ ಚಿಹ್ನೆ, ಪ್ರತಿ ಅಂಕಣದ ಸ್ವರೂಪ ಇವನ್ನು ಕ್ಲಾಸ್‌ನಲ್ಲಿ ಒಮ್ಮೆ ಘೋಷಿಸಿದರೆ ಸಾಕು. ಎಚ್‌ಎಸ್‌ಎನ್ ಮತ್ತು ಬಿಲ್ ಸಂಖ್ಯೆಗಳನ್ನು ಅಕ್ಷರಗಳೆಂದು ಘೋಷಿಸಿದಾಗ ಮುಂದಿನ ಸೊನ್ನೆ ಉಳಿಯುತ್ತದೆ. ದಿನಾಂಕವು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿದೆಯೆಂದು ಘೋಷಿಸಿದಾಗ ಏಪ್ರಿಲ್ 5 ಎಂಬುದು ಮೇ 4 ಆಗದು.

ದೋಷಪೂರಿತ ಸಾಲು ಬಂದಾಗ ಏನಾಗಬೇಕೆಂಬುದೇ ಮುಖ್ಯ ಪ್ರಶ್ನೆ. ಫೈಲ್‌ಹೆಲ್ಪರ್ಸ್‌ನಲ್ಲಿ ಇದಕ್ಕೆ ಮೂರು ಆಯ್ಕೆಗಳಿವೆ. ಮೊದಲನೆಯದು, ಅಲ್ಲಿಯೇ ನಿಲ್ಲುವುದು. ಎರಡನೆಯದು, ದೋಷದ ಸಾಲನ್ನು ಅದರ ಕ್ರಮಸಂಖ್ಯೆ ಮತ್ತು ಕಾರಣದೊಡನೆ ಪ್ರತ್ಯೇಕವಾಗಿ ತೆಗೆದಿರಿಸಿ ಮುಂದುವರಿಯುವುದು. ಮೂರನೆಯದು, ಸದ್ದಿಲ್ಲದೆ ಕೈಬಿಟ್ಟು ಮುಂದುವರಿಯುವುದು. ಲೆಕ್ಕದ ಕೆಲಸಕ್ಕೆ ಮೂರನೆಯ ಆಯ್ಕೆ ಸರ್ವಥಾ ಸಲ್ಲದು. ಕೈಬಿಟ್ಟ ಬಿಲ್ಲು ಪುಸ್ತಕಕ್ಕೂ ಬಾರದು, ರಿಟರ್ನಿಗೂ ಸೇರದು. ತಂತ್ರಾಂಶ ಮಾಡಿಸುವ ವರ್ತಕರು ಈ ಮೂರರಲ್ಲಿ ಯಾವುದನ್ನು ಅಳವಡಿಸಲಾಗಿದೆಯೆಂದು ಪ್ರೋಗ್ರಾಮರನ್ನು ಕೇಳಿ ತಿಳಿಯತಕ್ಕದ್ದು.

ಲೈಬ್ರರಿಯ ಮಿತಿ

ಲೈಬ್ರರಿಯು ಸಾಲಿನ ಆಕಾರವನ್ನು ಪರೀಕ್ಷಿಸುತ್ತದೆಯೇ ಹೊರತು ಅದರ ಸತ್ಯವನ್ನಲ್ಲ. ಮೌಲ್ಯ ಹಾಗೂ ತೆರಿಗೆಯ ಅಂಕಣಗಳು ಅದಲುಬದಲಾದರೆ ಎರಡೂ ಸಂಖ್ಯೆಗಳೇ ಆದ್ದರಿಂದ ಯಾವ ದೋಷವೂ ಕಾಣಿಸದು. ಆದಕಾರಣ ಈ ಕೆಳಗಿನ ಶಿಸ್ತು ಅಗತ್ಯ:

1. ಅಂಕಣಗಳ ಹೆಸರು, ಕ್ರಮ ಹಾಗೂ ಸ್ವರೂಪವನ್ನು ಕಡತ ಕೊಡುವವರೂ ಪಡೆಯುವವರೂ ಲಿಖಿತವಾಗಿ ಒಪ್ಪಿಕೊಳ್ಳುವುದು.
2. ಮೊತ್ತವನ್ನು 1,25,000 ಎಂದು ಬರೆಯದೆ 125000.00 ಎಂದೇ ಬರೆಯುವುದು.
3. ಮೂಲ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸದೆ, ನೋಡುವುದಕ್ಕೆ ಬೇರೊಂದು ಪ್ರತಿಯನ್ನು ಬಳಸುವುದು.
4. ಕಡತದ ಸಾಲುಗಳ ಸಂಖ್ಯೆಯು ಸ್ವೀಕೃತ ಮತ್ತು ತಿರಸ್ಕೃತ ಸಾಲುಗಳ ಒಟ್ಟು ಸಂಖ್ಯೆಗೆ ಸಮವಾಗಿದೆಯೇ ಎಂದು ನೋಡುವುದು.
5. ಮೌಲ್ಯ, ತೆರಿಗೆಗಳ ಮೊತ್ತವನ್ನು ಮಾರಾಟ ಪುಸ್ತಕದ ಮೊತ್ತದೊಡನೆ ಬೇರೆಬೇರೆಯಾಗಿ ತಾಳೆ ನೋಡುವುದು.

ಕೈಬರಹದ ಲೆಕ್ಕದ ಕಾಲದಲ್ಲಿ ಪುಟದ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ಯುವ ಮುನ್ನ ಗುಮಾಸ್ತನು ಮತ್ತೊಮ್ಮೆ ಕೂಡಿ ನೋಡುತ್ತಿದ್ದನು. ಗಣಕಯಂತ್ರ ಬಂದ ಮೇಲೂ ಆ ಪದ್ಧತಿಯನ್ನು ಉಳಿಸಿಕೊಳ್ಳುವುದು ಲೇಸು.